ಹನ್ನೊಂದನೆಯ ಹೆಸರು

ಕುರಿಯೊಂದು ಶಾಲೆಯ ಕಟ್ಟೆ ಹತ್ತಿ ಯಾರದೋ ಪಾಟಿಚೀಲ ಮೂಸುತ್ತಿದೆ, ಮೂಸಲಿ, ಓಡಿಸಲು ಗಂಗಾದೇವಿಗೆ ಮನಸ್ಸೇ ಬರುತ್ತಿಲ್ಲ, ಖಾನಾಪುರದ ಬಸ್ಸೂ ಬಾರದ ಈ ಹಟ್ಟಿಯ ಒಂದೇ ಕೋಣೆಯ ಶಾಲೆಗೆ ಅವಳೊಬ್ಬಳೇ ಅಕ್ಕೋರು, ಹಾಜರಿ ಪುಸ್ತಕ ತೊಡೆಯ ಮೇಲೆ ತೆರೆದಿದೆ, ಒಂದು, ಚಂದ್ರವ್ವ, ಹಾಜರ್ರಿ, ಎರಡು, ದುಂಡಪ್ಪ, ಹಾಜರ್ರಿ — ಕಿಟಕಿಯ ಅಂಚಿನ ಮೇಲೆ ಹೊರಗಿನಿಂದ ನಾಲ್ಕು ಬೆರಳು, ಭರಮವ್ವ ಇವತ್ತೂ ಬಂದಿದ್ದಾಳೆ, ನಿನ್ನೆ ಅಷ್ಟೆಲ್ಲ ಆದ ಮೇಲೂ, ಶ್ರಾವಣದಿಂದ ದಿನಾ ಇದೇ ಹೊತ್ತಿಗೆ ಬರುತ್ತಾಳೆ, ಮಗಳ ಹೆಸರು ಕೇಳಿಸಿಕೊಂಡೇ ಕೂಲಿಗೆ ಹೋಗುತ್ತಾಳೆ. ಹನ್ನೊಂದನೆಯ ಹೆಸರು ಅದು, ಮಾಯಕ್ಕ, ಮೂರನೆಯ ಇಯತ್ತೆ, ಮೂರೇ ದಿನದ ಜ್ವರ, ದವಾಖಾನೆಗೆ ಗಾಡಿ ಹೂಡುವಷ್ಟರಲ್ಲಿ ಹೋಗಿಬಿಟ್ಟಳು, ಹೆಸರು ಹೊಡೆದುಹಾಕಿದ್ದರೆ ಉಳಿಯುತ್ತಿದ್ದದ್ದು ಹತ್ತೊಂಬತ್ತು, ಇಪ್ಪತ್ತಕ್ಕೆ ಒಂದು ಕಡಿಮೆಯಾದರೂ ಶಾಲೆ ಮುಚ್ಚುತ್ತಾರೆ, ಹೊಳೆಯಾಚೆಯ ಮರಾಠಿ ಶಾಲೆಗೆ ಈ ಹುಡುಗಿಯರನ್ನು ಯಾರು ದಾಟಿಸುತ್ತಾರೆ, ಕುರಿಯ ಹಿಂದೆ ಹೋಗುತ್ತಾರೆ, ಅಷ್ಟೆ — ಅದಕ್ಕೇ ಅವಳು ಹೆಸರು ಹೊಡೆಯಲಿಲ್ಲ, ದಿನಾ ಕರೆದಳು, ಕರೆದು ಒಂದು ಉಸಿರಿನಷ್ಟು ಸುಮ್ಮನಿದ್ದು ಹಾಜರಿ ಗುರುತು ಹಾಕಿದಳು, ಶಾಲೆಗಾಗಿಯೋ ಕಿಟಕಿಯ ಆ ಬೆರಳಿಗಾಗಿಯೋ, ಅವಳಿಗೇ ತಿಳಿಯದು. ಮೂರು, ನಾಲ್ಕು, ಹಾಜರ್ರಿ, ಹಾಜರ್ರಿ, ನಿನ್ನೆ ಬಂದ ಇನ್ಸ್‌ಪೆಕ್ಟರ್ ಸಾಹೇಬರು ಏಳರ ಮಗ್ಗಿ ಕೇಳಿದರು, ಮಕ್ಕಳು ಒಬ್ಬರೂ ಎಡವಲಿಲ್ಲ, ಹದಿನೇಳರದ್ದನ್ನೂ ಹೇಳಿದರು, ಶಾಣ್ಯಾ ಅದಾವಲ್ರಿ ಬಾಯಾರ, ಬೆಳಗಾವಿ ಪ್ಯಾಟಿ ಹುಡುಗೂರ್ನ ಹಿಂದ ಕುಂದರಸ್ತಾವಿವು, ನಗುತ್ತಲೇ ಹಾಜರಿ ಪುಸ್ತಕ ತಾವೇ ಎತ್ತಿಕೊಂಡು ಕೂಗಿದರು, ಹನ್ನೊಂದು, ಮಾಯಕ್ಕ, ಮೈಯಾಗ ಆರಾಮಿಲ್ರಿ ಎಂದು ಹೇಳಲು ಗಂಗಾದೇವಿ ಬಾಯಿ ತೆರೆಯುವ ಮೊದಲೇ ಕಿಟಕಿಯಿಂದ, ಅದಾಳ್ರಿ ಸಾಹೇಬ್ರ. ಎಲ್ಲದಾಳವ್ವಾ? ಹಳ್ಳದ ದಂಡಿಗೆ ಮಣ್ಣು ಮಾಡೇವ್ರಿ, ಖರೇ ನಮ್ಮ ಅಕ್ಕೋರು ಬಿಡದ ಕರೀತಾರ್ರಿ, ಒಂದಿನಾನೂ ತಪ್ಪಿಲ್ಲ — ಹೊಗಳುತ್ತಿದ್ದಳು, ಅಯ್ಯೋ, ಭರಮವ್ವ ಅವಳನ್ನು ಹೊಗಳುತ್ತಿದ್ದಳು, ಸಾಹೇಬರು ಕೆಂಪು ಶಾಯಿಯ ಪೆನ್ನು ತೆಗೆದು ಆ ಹೆಸರಿನ ಮೇಲೆ ಗೆರೆ ಎಳೆದರು, ಓದಿದವ್ರು ನೀವು ಹಿಂಗ್ ಮಾಡೂದರಿ, ಜೂನಿನಿಂದ ಈ ಸಾಲಿ ಇಲ್ಲಂತ ತಿಳ್ಕೋರಿ. ಆರು, ಏಳು, ಇಂಥದೇ ಗೆರೆ ಬೆಳಗಾವಿಯ ರೇಷನ್ ಕಚೇರಿಯಲ್ಲೂ ಎಳೆದಿದ್ದರು, ಎಂಬತ್ತೊಂದನೆಯ ಇಸವಿಯಲ್ಲಿ, ಸಾಂಬ್ರಾ ರಸ್ತೆಯಲ್ಲಿ ಲಾರಿ ಹಾಯ್ದು ಗಂಡ ಹೋದ ಹದಿನೈದನೆಯ ದಿನ, ಗುರುಪುತ್ರಪ್ಪ ಎಂಬ ಅವನ ಹೆಸರಿನ ಮೇಲೆ, ಇನ್ನ ಸಕ್ರಿ ಒಬ್ರದಷ್ಟ ಬರ್ತೈತಿ ತಂಗಿ, ಅಂದ ಗುಮಾಸ್ತ, ಹೂಂ ಅಂದಳು, ಚೀಲ ಮಡಚಿಕೊಂಡು ಬಂದಳು, ಅಳಲಿಲ್ಲ, ಆಮೇಲೆ ಆ ಹೆಸರನ್ನು ಯಾರೂ ಗಟ್ಟಿಯಾಗಿ ಕರೆಯಲಿಲ್ಲ, ಅವಳೂ. ಒಂಬತ್ತು, ಹಾಜರ್ರಿ, ಹತ್ತು, ಬೀರಣ್ಣ, ಹಾಜರ್ರಿ, ಕೆಂಪು ಗೆರೆ, ದಾಟಬೇಕು, ದಾಟಿದಳು, ಹನ್ನೆರಡು, ಸಂಗವ್ವ. ಸಂಗವ್ವ ಎದ್ದು ನಿಂತಿದ್ದಾಳೆ, ಬಾಯಿ ಬಿಡುತ್ತಿಲ್ಲ, ತನಗಿಂತ ಮೊದಲು ಮಾಯಕ್ಕ ಬರಬೇಕು, ಆಮೇಲೆ ಆ ಒಂದು ಉಸಿರು, ಆಮೇಲೆ ತಾನು, ಅವಳಿಗೆ ಗೊತ್ತಿರುವುದು ಅಷ್ಟೇ, ಹನ್ನೆರಡು, ಸಂಗವ್ವ, ಕೂಗಿದರೂ ಇಲ್ಲ, ಕಿಟಕಿಯತ್ತ ನೋಡುತ್ತಾಳೆ, ಈಗ ಎಲ್ಲರೂ ಕಿಟಕಿಯತ್ತಲೇ, ಹನ್ನೆರಡು — ಬೆರಳು ಅಂಚು ಬಿಟ್ಟಿಲ್ಲ, ಒತ್ತಿ ಹಿಡಿದು ಉಗುರುಗಳು ಬೆಳ್ಳಗಾಗಿವೆ, ನಾಲ್ಕು ಬೆರಳು, ಹನ್ನೆರಡು, ಅಕ್ಕೋರ ಎಣಿಕೆ ಮುಂದಕ್ಕೆ ಹೋಗುತ್ತಿಲ್ಲ, ನಾಲ್ಕು ಬೆರಳು, ನಾಲ್ಕು