ತೊಕುಜಿಯ ಹಾಡು

"ಬಾಗಿಲ ಹೊರಗೇ ನಿಂತ್ರೆ ಅರ್ಧ ಹಾಡು ಬಾಗಿಲಿಗೇ ಹೋಗುತ್ತೆ ಅತ್ತಿಗೆ. ಒಳಗೆ ಬನ್ನಿ," ಎಂದು ಕುದೊ ಕಿಮಿಯೊಳ ಕೈಯಿಂದ ಕೊಡೆ ಕಸಿದುಕೊಂಡ.

ಕಿಮಿಯೊ ಬೂಟಿಗಂಟಿದ ಹಿಮವನ್ನು ಬೇಕೆಂದೇ ನಿಧಾನವಾಗಿ ಕೊಡವಿದಳು. ಗಂಡ ಹಾಡುವ ಈ ಪುಟ್ಟ ಕರಾವೊಕೆ ಬಾರು ಮನೆಯಿಂದ ಕೂಗಳತೆಯಷ್ಟು ದೂರ. ಮದುವೆಯಾಗಿ ಮುದುಕಿಯಾಗುವವರೆಗೆ ಒಮ್ಮೆಯೂ ಒಳಗೆ ಕಾಲಿಟ್ಟವಳಲ್ಲ. ಆ ಬಂದರಿನಲ್ಲಿ ಗಂಡಸರು ಕುಡಿಯುವ ಕಡೆ ಅವರ ಹೆಂಡಿರು ಹೋಗುತ್ತಿರಲಿಲ್ಲ ಎನ್ನುವುದು ಒಂದು ಕಾರಣ. ಇನ್ನೊಂದು ಅವಳ ಹೊಟ್ಟೆಯೊಳಗಿತ್ತು. ಮನೆಯಲ್ಲಿ 'ಊಟ ಹಾಕು', 'ಮಲಗ್ತೀನಿ', 'ಹೊರಟೆ' ಎಂಬ ಮೂರು ಮಾತಿಗೆ ನಾಲ್ಕನೆಯದು ಸೇರಿಸದ ಮನುಷ್ಯ, ಇಲ್ಲಿ ಬಾರಿನ ಒಡತಿ ರುರಿಕೊಳ ಮುಂದೆ ಮೈಕು ಹಿಡಿದು ಕೇಳಿದವರ ಕರುಳು ಕಿತ್ತು ಬರುವಂತೆ ಹಾಡುತ್ತಾನಂತೆ. ಹಾಡಿಕೊಳ್ಳಲಿ, ನನಗೇನು ಎಂದು ಅವಳು ಬಂದರಿನ ಶೆಡ್ಡಿನಲ್ಲಿ ಬೊಂಡಾಸ ಮೀನು ಸೀಳಿ ಒಣಹಾಕುತ್ತ ವರ್ಷಗಳನ್ನು ತಳ್ಳಿದ್ದಳು.

ಈಗ ಆ ಬಿಗುಮಾನಕ್ಕೆ ಜಾಗವಿರಲಿಲ್ಲ. ನಾಳೆ ಗಂಡ ತೊಕುಜಿ ನಗರದ ಆಸ್ಪತ್ರೆಗೆ ಸೇರಬೇಕು. ಗಂಟಲಿನ ಗಡ್ಡೆಯ ಜೊತೆಗೆ ಧ್ವನಿಪೆಟ್ಟಿಗೆಯನ್ನೂ ತೆಗೆಯುತ್ತಾರೆ. ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ. ಡಾಕ್ಟರು ಇದನ್ನು ಹೇಳಿದಾಗ ತೊಕುಜಿ ಎಂದಿನಂತೆ ತಲೆಯಾಡಿಸಿದ. ಕಿಮಿಯೊಗೆ ಮಾತ್ರ ಅವತ್ತಿನಿಂದ ಒಂದೇ ಚಿಂತೆ ಹತ್ತಿಕೊಂಡಿತು: ಊರೆಲ್ಲ ಕೇಳಿದ ಆ ಹಾಡನ್ನು ತಾನು ಇಡಿಯಾಗಿ ಒಂದು ಸಲವೂ ಕೇಳಿಲ್ಲ. ಹಾಗಾಗಿ, ಗಂಡನ ದೋಣಿಯಲ್ಲಿ ಎಂಜಿನ್ ನೋಡಿಕೊಳ್ಳುತ್ತಿದ್ದ ಕುದೊ ಬಂದು, "ಮಧ್ಯಾಹ್ನ ಅಣ್ಣನಿಗೊಂದು ಹಾಡಿನ ಕೂಟ ಇಟ್ಟಿದೀವಿ, ನೀವೂ ಬರಬೇಕು," ಎಂದಾಗ, ಬೈದು ಕಳಿಸುವಂತೆ ಮುಖ ಮಾಡಿದವಳು ಅವನು ಗೇಟು ದಾಟುವ ಮೊದಲೇ ಒಳ್ಳೆಯ ಸ್ವೆಟರಿಗಾಗಿ ಕಪಾಟು ತೆಗೆದಿದ್ದಳು.

ಒಳಗೆ ಹತ್ತು ಜನ ಕೂರುವಷ್ಟೇ ಜಾಗ. ಹಿಂದಿನ ಕಪಾಟಿನಲ್ಲಿ ಒಬ್ಬೊಬ್ಬರ ಹೆಸರು ಬರೆದ ವಿಸ್ಕಿ ಬಾಟಲಿಗಳು. ತೊಕುಜಿ ಮೂಲೆಯಲ್ಲಿ, ಕತ್ತಿಗೆ ಮಫ್ಲರ್ ಸುತ್ತಿಕೊಂಡು, ಬಿಸಿನೀರು ಹಿಡಿದು ಕುಳಿತಿದ್ದ. ಹೆಂಡತಿಯನ್ನು ಕಂಡು, ಶಾಲೆಯಲ್ಲಿ ತಾಯಿಯನ್ನು ಕಂಡ ಹುಡುಗನಂತೆ ತಬ್ಬಿಬ್ಬಾದ.

"ಅಂತೂ ಬಂದ್ರಲ್ಲ ಅಮ್ಮಾವ್ರೇ," ಎಂದಳು ರುರಿಕೊ. ಕಿಮಿಯೊ ಇಷ್ಟು ವರ್ಷ ಮನಸ್ಸಿನಲ್ಲೇ ಬೈದುಕೊಂಡಿದ್ದ ಹೆಂಗಸು ಎದುರಿಗೆ ನೋಡಿದರೆ ತನಗಿಂತ ಹಿರಿಯಳು, ಮಂಡಿ ನೋವಿನವಳು. "ನಿಮ್ ಯಜಮಾನ್ರು ಇಲ್ಲಿ ಹಾಡೋದು ಬಿಟ್ರೆ ಬಾಯೇ ಬಿಡಲ್ಲ. ಮನೇಲಿ ಎಲ್ಲಾ ಮಾತಾಡಿ ಖಾಲಿ ಮಾಡ್ಕೊಂಡು ಬರ್ತಾರೆ ಅನ್ಕೊಂಡಿದ್ದೆ."

"ಮನೇಲಾ!" ಎಂದಳು ಕಿಮಿಯೊ. ಇಬ್ಬರಿಗೂ ನಗು ಬಂತು. ಇವಳ ಮೇಲೆ ಸಿಟ್ಟು ಮಾಡಿಕೊಂಡು ಎಷ್ಟು ಕಾಲ ದಂಡವಾಯಿತು ಎಂದು ಕಿಮಿಯೊಗೆ ಮೊದಲ ಬಾರಿಗೆ ಅನಿಸಿತು.

ಒಬ್ಬೊಬ್ಬರಾಗಿ ಹಾಡಿದರು. ಎಲ್ಲ ಎಂಕಾ ಎನ್ನುವ ಹಳೆಯ ಧಾಟಿಯ ವಿರಹದ ಹಾಡುಗಳೇ. ಬಿಟ್ಟುಹೋದವರು, ಕೊನೆಯ ಹಡಗು, ಕಾದು ಕಾದು ನರೆತ ಕೂದಲು. ಕಿಮಿಯೊಗೆ ಸೋಜಿಗವಾದದ್ದು ಒಂದು. ಈ ಗಂಡಸರೆಲ್ಲ ಹೆಣ್ಣಾಗಿ ಹಾಡುತ್ತಿದ್ದರು. ಕುಡಿದ ಲೋಟವನ್ನು ತೊಳೆದಿಡದ ಕುದೊ, "ನನ್ನನ್ನು ಮರೆತರೂ ಮರೆಯಿರಿ, ಚಳಿಯಲ್ಲಿ ಮಾತ್ರ ನಡೆಯಬೇಡಿ," ಎಂದು ಕಣ್ಣುಮುಚ್ಚಿ, ಸಾಲಿನ ಕೊನೆಯಲ್ಲಿ ದನಿಯನ್ನು ಒದ್ದೆ ಬಟ್ಟೆಯಂತೆ ಹಿಂಡಿದ. ಅವನ ಹೆಂಡತಿ ಇದನ್ನು ಕೇಳಬೇಕಿತ್ತು ಎಂದು ಕಿಮಿಯೊಗೆ ನಗು ಬರಬೇಕಾಗಿತ್ತು, ಬರಲಿಲ್ಲ.

ತೊಕುಜಿಯದು ಕೊನೆಗೆ ಎಂದು ಮೊದಲೇ ತೀರ್ಮಾನವಾಗಿತ್ತು. ಒಳ್ಳೆಯದನ್ನು ಕೊನೆಗೆ ಇಡುವುದು ಅಲ್ಲಿನ ಪದ್ಧತಿ. ಅವನು ಬಿಸಿನೀರು ಗುಟುಕರಿಸುತ್ತ, ಮಾತೂ ಆಡದೆ, ಇದ್ದಷ್ಟು ದನಿಯನ್ನು ಕೂಡಿಟ್ಟುಕೊಳ್ಳುತ್ತಿದ್ದ.

ಅದಕ್ಕೆ ಮುಂಚೆ ಕುದೊ ಮೈಕು ತಂದು ಕಿಮಿಯೊಳ ಮುಂದೆ ಹಿಡಿದ. "ಮೊದಲ ಸಲ ಬಂದವರು ಒಂದು ಹಾಡದೆ ಎದ್ದು ಹೋಗೋ ಹಾಗಿಲ್ಲ ಅತ್ತಿಗೆ!"

"ಅಯ್ಯೋ, ನನಗೆಲ್ಲಿ ಬರುತ್ತಪ್ಪ!"

"ಶೆಡ್ಡಲ್ಲಿ ನಮ್ಮನ್ನ ಬೈಯೋವಾಗ ಬರೋ ದನಿ ಇಲ್ಲಿ ಎಲ್ಲಿ ಹೋಯ್ತು?"

ಎಲ್ಲರೂ ಚಪ್ಪಾಳೆ ತಟ್ಟಿದರು. ಬಂದ ಮನೆಯಲ್ಲಿ ಒಲ್ಲೆ ಎನ್ನುವುದು ಮರ್ಯಾದೆಯಲ್ಲ. ಅವಳಿಗೆ ಬುಡದಿಂದ ತುದಿಯವರೆಗೆ ಮಾತು ಗೊತ್ತಿದ್ದ ಹಾಡು ಒಂದೇ. ದೋಣಿ ಕಡಲಿಗಿಳಿಯದ ತಿಂಗಳುಗಳಲ್ಲಿ ತೊಕುಜಿ ಹಿತ್ತಲಲ್ಲಿ ಕುಳಿತು ಬಲೆ ಹೆಣೆಯುತ್ತ, ತುಟಿ ತೆರೆಯದೆ ಗುನುಗುತ್ತಿದ್ದ ರಾಗ. ರೇಡಿಯೊದಲ್ಲಿ ಅದೇ ಬಂದಾಗ ಅವಳು ಮಾತುಗಳನ್ನು ಕೂಡಿಸಿಕೊಂಡಿದ್ದಳು. ಕಡಲಿಗೆ ಹೋದ ಗಂಡನ ಪಾಲಿನ ಊಟವನ್ನು ದಿನವೂ ಬಡಿಸಿಡುವ ಹೆಂಗಸಿನ ಹಾಡು ಅದು. ಕಿಮಿಯೊ ಕೂಡ ಹಾಗೆ ಬಡಿಸಿಟ್ಟವಳೇ. ಬಟ್ಟಲಿನ ಮುಚ್ಚಳದ ಒಳಗೆ ಹಬೆಯ ಹನಿ ನಿಂತರೆ ಹೋದವನು ಕ್ಷೇಮ ಎಂದು ಅತ್ತೆ ಹೇಳಿಕೊಟ್ಟಿದ್ದರು.

ಅವಳು ರುರಿಕೊಳ ಕಿವಿಯಲ್ಲಿ ಹಾಡಿನ ಹೆಸರು ಹೇಳಿದಳು.

"ಅದನ್ನಾ?" ಎಂದ ರುರಿಕೊಳ ಬೆರಳು ಯಂತ್ರದ ಗುಂಡಿಯ ಮೇಲೆ ನಿಂತಿತು. ಅವಳು ಮೂಲೆಯ ಕಡೆ ನೋಡಿದಳು. ತೊಕುಜಿ ಕೈಯ ಲೋಟ ಕೆಳಗಿಟ್ಟು, ಒತ್ತು ಎನ್ನುವಂತೆ ಗದ್ದ ಆಡಿಸಿದ. ಕುದೊ ಏನೋ ಹೇಳಲು ಬಾಯಿ ತೆರೆದು ವಿಸ್ಕಿ ಕುಡಿದ. ಹೊಸಬಳಿಗೆ, ಅದರಲ್ಲೂ ಅಣ್ಣನ ಹೆಂಡತಿಗೆ, ಬೇಡ ಎನ್ನುವ ಎದೆ ಅಲ್ಲಿ ಯಾರಿಗೂ ಇರಲಿಲ್ಲ.

ಕಿಮಿಯೊ ಹಾಡಿದಳು.

"ಮುಚ್ಚಳದೊಳಗೆ ಹನಿ ನಿಂತಿದೆ, ನೀವಿನ್ನೂ ಇದ್ದೀರಿ.
ಅನ್ನ ಆರಿದೆ, ನಾನು ಇನ್ನೂ ಕೂತಿದ್ದೇನೆ..."

ಮೊದಲು ದನಿ ನಡುಗಿತು, ಆಮೇಲೆ ತಾನಾಗಿ ದಾರಿ ಹಿಡಿಯಿತು. ಇಡೀ ಕೋಣೆ ಉಸಿರು ಬಿಗಿಹಿಡಿದಿತ್ತು. ಪರವಾಗಿಲ್ಲ, ಅಷ್ಟೇನೂ ಕೆಟ್ಟದಾಗಿ ಹಾಡುತ್ತಿಲ್ಲ ಎಂದು ಅವಳು ಒಳಗೊಳಗೇ ಹಿಗ್ಗಿದಳು. ಮುಗಿದಾಗ ಎಲ್ಲರೂ ಅಗತ್ಯಕ್ಕಿಂತ ಜೋರಾಗಿ ಚಪ್ಪಾಳೆ ಹೊಡೆದರು. ತೊಕುಜಿಯೂ ಹೊಡೆದ.

"ಈಗ ನಿಮ್ಮದು," ಎಂದು ಅವಳು ಮೈಕನ್ನು ಗಂಡನ ಕೈಗೆ ಕೊಟ್ಟಳು. ಅವಳು ಬಂದದ್ದೇ ಇದಕ್ಕೆ.

ತೊಕುಜಿ ಮೈಕನ್ನು ಅಂಗೈಯಲ್ಲಿ ತೂಗಿ ನೋಡಿ, ಮೇಜಿನ ಮೇಲೆ ಮೆಲ್ಲಗೆ ಇಟ್ಟ. "ಆಯ್ತಲ್ಲ," ಎಂದ. ದನಿ ಆಗಲೇ ಮರಳಿನಲ್ಲಿ ದೋಣಿ ಎಳೆದಂತಿತ್ತು. "ಚೆನ್ನಾಗಿ ಹಾಡಿದೆ. ಇವತ್ತಿಗೆ ಸಾಕು."

ದಣಿದಿದ್ದಾನೆ ಎಂದುಕೊಂಡು ಅವಳು ಮತ್ತೆ ಕೇಳಲಿಲ್ಲ. ಹೊರಡುವಾಗ, ತೊಕುಜಿ ಮುಂದಾಗಿ ಹೊರಗೆ ಹೋದ ಮೇಲೆ, ಕೋಟು ಕೊಡಲು ಬಂದ ರುರಿಕೊಳನ್ನು, "ಅವರ ಹಾಡು ಯಾವುದು?" ಎಂದು ಕೇಳಿದಳು. "ಮುಂದೆ ಕೇಳೋಕಂತೂ ಆಗಲ್ಲ, ಹೆಸರಾದ್ರೂ ಗೊತ್ತಿರಲಿ."

ರುರಿಕೊ ಕೋಟಿನ ಗುಂಡಿಯನ್ನೇ ನೋಡುತ್ತ ನಿಂತಳು. ಮಾತು ಕುದೊನ ಬಾಯಿಂದ ಬಂತು. ಅವನಿಗೆ ಕುಡಿದದ್ದು ತಲೆಗೇರಿತ್ತು.

"ನೀವು ಹಾಡಿದ್ದೇ ಅತ್ತಿಗೆ. ಅದು ಅಣ್ಣನ ಹಾಡು. ಇಲ್ಲಿ ಒಬ್ಬೊಬ್ಬರಿಗೆ ಒಂದು ಹಾಡು, ಒಬ್ಬರದ್ದನ್ನ ಇನ್ನೊಬ್ಬರು ಮುಟ್ಟಲ್ಲ. ಒಂದ್ಸಲ ಯಾರೋ ಹೊರಗಿನವನು ಅದನ್ನ ಹಾಕಿಸ್ದ ಅಂತ ನಾನೇ ಕರೆಂಟ್ ತೆಗೆದಿದ್ದೆ."

"ಸುಮ್ನಿರೋ ಕುದೊ," ಎಂದಳು ರುರಿಕೊ.

"ಒಂದೇ ದಿನ ಅದೇ ಹಾಡು ಎರಡು ಸಲ ಹಾಡೋದುಂಟಾ? ಅದೂ ಹೆಂಡತಿ ಹಾಡಿದ ಮೇಲೆ? ನಿನಗಿಂತ ನಾನು ಮೇಲು ಅಂದ ಹಾಗಾಗಲ್ವಾ? ಅಣ್ಣ ಸತ್ರೂ ಹಾಗೆ ಮಾಡಲ್ಲ."

ಗಂಡ ಗದ್ದ ಆಡಿಸಿದ್ದು, ಮೈಕು ತೂಗಿ ನೋಡಿದ್ದು ಎಲ್ಲವೂ ಒಟ್ಟಿಗೆ ಕಿಮಿಯೊಳ ಕಣ್ಣಮುಂದೆ ಬಂತು. "ಹೇಳಬಾರದಿತ್ತೇನ್ರಪ್ಪ, ಒಬ್ಬರಾದ್ರೂ," ಎಂದಳು. ಒಂದು ಮಾತು ಸಾಕಿತ್ತು. ಆ ಒಂದು ಮಾತನ್ನು ಆಡದಷ್ಟು ಒಳ್ಳೆಯವರು ಅವರೆಲ್ಲ. ಅವಳೂ ಅದೇ ಊರಿನವಳು, ಅವರ ಜಾಗದಲ್ಲಿದ್ದಿದ್ದರೆ ತಾನೂ ಹೀಗೇ ಸುಮ್ಮನಿರುತ್ತಿದ್ದಳು.

ದಾರಿಯಲ್ಲಿ ಇಬ್ಬರೂ ಕೆಸರಾದ ಹಿಮವನ್ನು ತುಳಿಯುತ್ತ ನಡೆದರು. ಮೀನಿನ ಶೆಡ್ಡಿನ ತಿರುವಿನಲ್ಲಿ ಅವಳು ನಿಂತಳು.

"ರೀ, ಒಂದ್ಸಲ ಹಾಡಿ. ಇಲ್ಲಿ ಯಾರೂ ಇಲ್ಲ."

"ಬೀದಿಯಲ್ಲಾ?"

"ಮನೆಗೆ ಹೋದ್ಮೇಲೆ ಹಾಡ್ತೀರಾ?"

"ಮನೇಲಿ ಯಾರಾದ್ರೂ ಹಾಡ್ತಾರಾ," ಎಂದ ತೊಕುಜಿ. ಅವನು ಬೇಸರದಿಂದ ಹೇಳಲಿಲ್ಲ. ನಾಚಿಕೊಂಡಿದ್ದ. ಬೆಳಕಿನ ಮುಂದೆ, ಯಂತ್ರದ ವಾದ್ಯದ ಜೊತೆ, ಬೇರೊಬ್ಬ ಹೆಂಗಸಿನ ಮಾತಾಗಿ ಮಾತ್ರ ಅವನಿಗೆ ಮನಸ್ಸಿನಲ್ಲಿದ್ದದ್ದನ್ನು ಹೇಳಲು ಬರುತ್ತಿತ್ತು. ಹೆಂಡತಿಯ ಮುಖ ನೋಡುತ್ತ ಹೇಳಲು ಬರುತ್ತಿರಲಿಲ್ಲ. ಇದು ಅರ್ಥವಾದಾಗ ಅವಳು ಮತ್ತೆ ಒತ್ತಾಯ ಮಾಡಲಿಲ್ಲ.

ಸಂಜೆ ಅವನು ಸ್ನಾನಕ್ಕೆ ಇಳಿದ. ಕಿಮಿಯೊ ಟವೆಲ್ ತಂದವಳು ಬಚ್ಚಲ ಬಾಗಿಲ ಹೊರಗೇ, ಮೆಟ್ಟಿಲ ಮೇಲೆ ಕುಳಿತಳು. ಒಳಗೆ ತೊಟ್ಟಿಯ ನೀರು ಅಲುಗುವ ಸದ್ದು. ಮುಖ ಕಾಣದಿದ್ದರೆ ಹಾಡಿಯಾನು ಎಂಬ ಆಸೆಯಿಂದ ಅವಳೇ ಮೊದಲ ಸಾಲನ್ನು ಮೆಲ್ಲಗೆ ಎತ್ತಿಕೊಂಡಳು.

ನೀರಿನ ಸದ್ದು ನಿಂತಿತು.

"ಆ ಸಾಲಲ್ಲಿ ಓಡ್ತೀಯ," ಎಂದಿತು ಒಳಗಿನ ದನಿ. "ಮಧ್ಯಾಹ್ನವೂ ಓಡಿದೆ. ಕಾಯೋಳು ಅವಳು. ಅವಳಿಗೇನು ಅವಸರ?"

"ಮತ್ತೆ ಹೇಗೆ? ಹಾಡಿ ತೋರಿಸಿ."

"ನೀನೇ ಹಾಡು. ಇನ್ನೂ ನಿಧಾನ."

ಅವಳು ಇನ್ನೂ ನಿಧಾನವಾಗಿ ಹಾಡಿದಳು. ಎರಡನೆಯ ಸಾಲಿನ ನಡುವೆ, 'ಅನ್ನ ಆರಿದೆ' ಎಂದಲ್ಲಿಗೆ, ಬೇಕೆಂದೇ ನಿಲ್ಲಿಸಿದಳು. ಉಳಿದರ್ಧವನ್ನು ಅವನು ಎತ್ತಿಕೊಳ್ಳಲಿ ಎಂದು ಬಾಗಿಲಿಗೆ ಕಿವಿಯಿಟ್ಟು ಕಾದಳು. ಒಳಗೆ ಎಲ್ಲೋ ಹನಿ ತೊಟ್ಟಿಕ್ಕುತ್ತಿತ್ತು. ಅವನು ಉಸಿರೆಳೆದುಕೊಂಡದ್ದು ಕೇಳಿಸಿತು. ಅವಳು ಇನ್ನಷ್ಟು ಬಾಗಿದಳು.

"ಯಾಕೆ ನಿಲ್ಲಿಸ್ದೆ?" ಎಂದ ತೊಕುಜಿ. "ಮುಂದೆ ಹಾಡು. ಕೇಳ್ತಾ ಇದೀನಿ."

ಕಿಮಿಯೊ ಟವೆಲಿನಿಂದ ಮುಖ ಒರೆಸಿಕೊಂಡು ಮುಂದಿನ ಮಾತು ಹಾಡಿದಳು.