ಖಾಲಿ ಮನೆಗೆ ಎಂಟು ದಿನ ಕಾವಲು

ನಾನು ಒಂದು ಹಿತ್ತಾಳೆ ಬೀಗ. ದಿಂಡಿಗಲ್ಲಿನ ಒಂದು ಇಕ್ಕಟ್ಟಾದ ಓಣಿಯಲ್ಲಿ, ಅರದ ಕಿರುಚಾಟದ ನಡುವೆ ನಾನು ಹುಟ್ಟಿದೆ. ನನ್ನನ್ನು ಮಾಡಿದ ಮುದುಕ ಕಿವಿಯ ಹತ್ತಿರ ಹಿಡಿದು ಹತ್ತು ಸಲ ಬೀಗದ ಕೈ ತಿರುಗಿಸಿ ನೋಡಿದ. ಹತ್ತನೆಯ ಸಲಕ್ಕೆ ತಲೆಯಾಡಿಸಿದ.

ಕಾರವಾರದ ಅಂಗಡಿಯೊಂದರಲ್ಲಿ ನನ್ನನ್ನು ಕೊಂಡವರು ಫಿಲೋಮಿನಾಳ ಅಪ್ಪ. ಮಗಳು ನರ್ಸ್ ಕೆಲಸ ಕಲಿಯಲು ಹೊರಟಿದ್ದಳು. ಅವಳ ಟ್ರಂಕಿನ ಮೇಲೆ ನನ್ನ ಎಳೆ ವಯಸ್ಸು ಕಳೆಯಿತು. ಆಮೇಲೆ ಅವಳಿಗೆ ಗದಗಿನ ದವಾಖಾನೆಗೆ ವರ್ಗವಾಯಿತು. ಆ ಕಡೆ ನನ್ನನ್ನು ಬೀಗ ಎನ್ನುವುದಿಲ್ಲ, ಕೀಲಿ ಎನ್ನುತ್ತಾರೆ.

ಬಾಡಿಗೆಗೆಂದು ಐದು ಮನೆಗಳನ್ನು ನೋಡಿದಳು. ಹೆಸರು ಕೇಳಿದರು, ಊಟ ಏನೆಂದು ಕೇಳಿದರು, ನಾಳೆ ಬನ್ನಿ ಎಂದರು. ಮರುದಿನ ಹೋದರೆ ಮನೆ ಬೇರೆಯವರಿಗೆ ಆಗಿರುತ್ತಿತ್ತು. ಆರನೆಯದು ಬೆಟಗೇರಿಯ ನೀಲವ್ವನ ಹಿತ್ತಲ ಮನೆ. ನೀಲವ್ವ ಗಂಡನನ್ನು ಕಳೆದುಕೊಂಡು ಮುಂದಿನ ಮನೆಯಲ್ಲಿ ಒಬ್ಬಳೇ ಇದ್ದಳು.

"ಮೀನ ತಿಂತೀರೇನ್ರಿ?"

"ತಿಂತೇನೆ ಅಮ್ಮಾ. ನಿಮಗೆ ಬೇಡ ಅಂದ್ರೆ ಈ ಮನೇಲಿ ಮಾಡೋದಿಲ್ಲ."

"ಸುಳ್ಳ ಹೇಳಲಿಲ್ಲಲ್ಲ, ಸಾಕು. ಮನಿ ನಿಮ್ದ."

ಆದರೆ ಕರಾರು ಬರೆಯುವವನು ಮದುವೆಗೆಂದು ಸೊಲ್ಲಾಪುರಕ್ಕೆ ಹೋಗಿದ್ದ. ಬರಲು ಎಂಟು ದಿನ. ಫಿಲೋಮಿನಾಳ ಮುಖ ಬಾಡಿತು. ಅದನ್ನು ನೀಲವ್ವ ಕಂಡಳು.

"ನಿಮ್ಮ ಹತ್ರ ಕೀಲಿ ಐತೇನು? ಇವತ್ತ ಹಾಕಿ ಹೋಗ್ರಿ. ಕಾಗದ ಆಗೂತನಕ ಅದ ಕಾಗದ."

ಸಂಜೆ ನಾನು ಟ್ರಂಕಿನಿಂದ ಬಾಗಿಲಿಗೆ ಏರಿದೆ. ಬೀಗದ ಕೈಗಳೆರಡೂ ಫಿಲೋಮಿನಾಳ ಬಳಿ ಉಳಿದವು. ತನ್ನದೇ ಹಿತ್ತಲ ಮನೆಯೊಳಗೆ ಕಾಲಿಡಲು ನೀಲವ್ವನಿಗೆ ದಾರಿ ಇರಲಿಲ್ಲ. ಆದರೂ ದಿನಾ ಬೆಳಿಗ್ಗೆ ನನ್ನ ಮುಂದಿನ ಹೊಸ್ತಿಲು ತೊಳೆದು ರಂಗೋಲಿ ಎಳೆಯುತ್ತಿದ್ದಳು.

ನಾಲ್ಕನೆಯ ದಿನ ಅವಳ ಮೈದುನ ಶಿವಲಿಂಗಪ್ಪ ಕಬ್ಬಿಣದ ಸಲಾಕೆ ಹಿಡಿದು ಬಂದ. ಮನೆಯನ್ನು ತನ್ನ ಪರಿಚಯದವರಿಗೆ ಕೊಡಬೇಕೆಂದು ಅವನ ಹಟ.

"ವೈನಿ, ಮಂದಿ ಏನಂತಾರ ನೋಡ್ರಿ. ಇನ್ನೂ ಸಹಿ ಆಗಿಲ್ಲ, ಏನೂ ಆಗಿಲ್ಲ."

"ಸಹಿ ಆಗಿಲ್ಲ. ಮಾತಾಗೇತಿ."

ಅವನು ಸಲಾಕೆಯ ತುದಿಯನ್ನು ನನ್ನ ಕೊಂಡಿಯೊಳಗೆ ತೂರಿಸಿದ. ನನ್ನ ಜೀವ ಬಾಯಿಗೆ ಬಂತು. ಆಗ ಬೇಳೆ ಆರಿಸುತ್ತಿದ್ದ ನೀಲವ್ವ ಮೊರ ಕೆಳಗಿಟ್ಟು ಬಂದು ನನ್ನ ಮೇಲೆ ಅಂಗೈ ಇಟ್ಟಳು.

"ಮೊದಲ ಈ ಕೈ ಒಡಿ, ಆಮ್ಯಾಲೆ ಕೀಲಿ."

ಶಿವಲಿಂಗಪ್ಪ ಸಲಾಕೆ ಎಸೆದು ಹೊರಟುಹೋದ. ನೀಲವ್ವ ಮೊರ ಎತ್ತಿಕೊಂಡು ಬಂದು ನನ್ನ ಪಕ್ಕದ ಕಟ್ಟೆಯ ಮೇಲೆ ಕುಳಿತು ಬೇಳೆ ಆರಿಸತೊಡಗಿದಳು. ತನ್ನವರೆಂದು ಅವಳಿಗೆ ಇದ್ದದ್ದು ಅವನೊಬ್ಬನೇ.

ಏಳನೆಯ ಸಂಜೆ ಫಿಲೋಮಿನಾ ಬಂದಳು. ನಳದ ಹತ್ತಿರದ ಹೆಂಗಸರಿಂದ ಸುದ್ದಿ ತಿಳಿದಿತ್ತು. ನನ್ನನ್ನು ತೆಗೆದು ಚೀಲಕ್ಕೆ ಹಾಕಹೊರಟಳು.

"ನನ್ನ ದೆಸೆಯಿಂದ ನಿಮ್ಮವರ ಜೊತೆ ಜಗಳ ಬೇಡ ಅಮ್ಮಾ. ಬೇರೆ ಕಡೆ ನೋಡ್ಕೊಳ್ತೇನೆ."

"ಮನಿ ನಿಮಗ ಬ್ಯಾಡಾಗಿದ್ರ ಒಯ್ರಿ," ಎಂದಳು ನೀಲವ್ವ. "ನನ್ನ ಸಲುವಾಗಿ ಒಯ್ಯಬ್ಯಾಡ್ರಿ."

ಫಿಲೋಮಿನಾ ಕಣ್ಣೊರೆಸಿಕೊಂಡು ನನ್ನನ್ನು ಮತ್ತೆ ಚಿಲಕಕ್ಕೆ ಸಿಕ್ಕಿಸಿ ಒತ್ತಿದಳು. ಮರುದಿನ ಅದೇ ಕಟ್ಟೆಯ ಮೇಲೆ ಕರಾರು ಆಯಿತು. ನೀಲವ್ವ ಅಕ್ಷರಕ್ಕೆ ಅಕ್ಷರ ಕೂಡಿಸಿ ಸಹಿ ಮಾಡಿದಳು.

ಹತ್ತೊಂಬತ್ತು ವರ್ಷ ಆ ಬಾಗಿಲಲ್ಲಿದ್ದೆ. ಶಿವಲಿಂಗಪ್ಪ ಎರಡು ವರ್ಷ ಬರಲಿಲ್ಲ. ಆಮೇಲೆ ಬಂದ, ಚಹಾ ಕುಡಿದ, ಹಿತ್ತಲ ಕಡೆ ಮಾತ್ರ ನೋಡಲಿಲ್ಲ. ರಜೆಯಲ್ಲಿ ಫಿಲೋಮಿನಾ ಕಾರವಾರಕ್ಕೆ ಹೋಗಿ ಮನಸಾರೆ ಮೀನು ಉಂಡು ಬರುತ್ತಿದ್ದಳು. ಅವಳು ಬರುವ ದಿನ ನೀಲವ್ವ ಎರಡು ರೊಟ್ಟಿ ಹೆಚ್ಚು ಬಡಿಯುತ್ತಿದ್ದಳು. ನಿವೃತ್ತಳಾಗಿ ಊರಿಗೆ ಹೊರಟಾಗ ಫಿಲೋಮಿನಾ ನನ್ನನ್ನು ನೀಲವ್ವನ ಉಡಿಯಲ್ಲಿಟ್ಟಳು.

ಈಗ ನಾನು ದೇವರ ಕೋಣೆಯ ಗೂಡಿನಲ್ಲಿದ್ದೇನೆ. ಒಳಗಿನ ಸ್ಪ್ರಿಂಗ್ ಸೋತಿದೆ; ಯಾರು ಎಳೆದರೂ ತೆರೆದುಕೊಳ್ಳುತ್ತೇನೆ. ಮುಪ್ಪಾದ ನೀಲವ್ವ ಆಗಾಗ ಹುಣಸೆಹಣ್ಣು ಹಚ್ಚಿ ನನ್ನನ್ನು ತಿಕ್ಕುತ್ತಾಳೆ. ಫಿಲೋಮಿನಾಳ ಸೀರೆ, ಸಂಬಳ, ಅವಳ ಅಪ್ಪನ ಪತ್ರ, ಎಷ್ಟೆಲ್ಲ ಕಾದೆ. ಆ ಎಂಟು ದಿನ ಮಾತ್ರ ಒಳಗೆ ಒಂದು ಚೊಂಬೂ ಇರಲಿಲ್ಲ. ಅಷ್ಟು ಬಿಗಿಯಾಗಿ ನಾನು ಮತ್ತೆಂದೂ ಬಾಯಿ ಮುಚ್ಚಿಲ್ಲ.