ದೇವೀರಪ್ಪನವರ ದತ್ತಿ ಉಪನ್ಯಾಸ

ಅರಸೀಕೆರೆಯ ನುಡಿಬೆಳಕು ಸಂಘದವರಿಗೆ ದೊಡ್ಡವರನ್ನು ಊರಿಗೆ ಕರೆಸುವ ಹುಚ್ಚು. ಪ್ರತಿ ಶ್ರಾವಣದಲ್ಲೂ ಮಠದ ಕಲ್ಯಾಣಮಂಟಪದಲ್ಲಿ ಉಪನ್ಯಾಸ ಮಾಲೆ ನಡೆಸುತ್ತಾರೆ. ಒಂದು ಸಂಜೆ ನಿವೃತ್ತ ನ್ಯಾಯಾಧೀಶರು ಬಂದರೆ, ಮಾರನೆಯ ಸಂಜೆ ಅಂಟಾರ್ಕ್ಟಿಕಕ್ಕೆ ಹೋಗಿಬಂದ ವಿಜ್ಞಾನಿ, ಅದರ ಮಾರನೆಯ ದಿನ ಗರಡಿಮನೆಯ ಪೈಲ್ವಾನರು. ಹಿಮದ ಸುದ್ದಿ ಕಟ್ಟಿಕೊಂಡು ಕೊಬ್ಬರಿ ವರ್ತಕರಿಗೆ ಏನಾಗಬೇಕು ಎಂದು ನೀವು ಕೇಳಬಹುದು. ಆ ದಿನ ಮಂಟಪದಲ್ಲಿ ಕಾಲಿಡಲು ಜಾಗವಿರಲಿಲ್ಲ.

ಒಂದೊಂದು ದಿನದ ಉಪನ್ಯಾಸವನ್ನು ಒಂದೊಂದು ಮನೆಯವರು ವಹಿಸಿಕೊಳ್ಳುತ್ತಾರೆ. ತೀರಿಕೊಂಡ ಹಿರಿಯರ ಹೆಸರಿನಲ್ಲಿ ದತ್ತಿ ಇಟ್ಟರೆ, ಆ ದಿನ ವೇದಿಕೆಯ ಮೇಲೆ ಅವರ ಫೋಟೋ ಇಟ್ಟು ಹಾರ ಹಾಕುತ್ತಾರೆ. ಮನೆಯವರು ಮೊದಲು ಎರಡು ಮಾತಾಡಿ ಅತಿಥಿಗಳಿಗೆ ಶಾಲು ಹೊದಿಸಬೇಕು, ಆಮೇಲೆ ಉಪನ್ಯಾಸ. ಕೊಬ್ಬರಿ ಮಂಡಿಯ ದೇವೀರಪ್ಪನವರು ತೀರಿಕೊಂಡ ಮೇಲೆ ಅವರ ಹೆಂಡತಿ ಸುಮಿತ್ರಮ್ಮನೂ ಹೀಗೊಂದು ದತ್ತಿ ಇಟ್ಟಿದ್ದರು. ಮೊದಲ ಮೂರು ವರ್ಷ ಅತಿಥಿ ಯಾರೇ ಆಗಲಿ ಎಂದು ಸುಮ್ಮನಿದ್ದ ಆಕೆ, ೧೯೯೯ರಲ್ಲಿ ಮಾತ್ರ ತಾವಾಗಿಯೇ ಒಂದು ಹೆಸರು ಹೇಳಿದರು. ಹಾಸನದ ಸರ್ಜನ್ ಡಾ. ಇಂದುಧರ.

ಸಂಘದ ಕಾರ್ಯದರ್ಶಿ ಕುಮಾರಸ್ವಾಮಿಗಳು ಹಿಗ್ಗಿಹೋದರು. ಊರೂರಿಗೆ ಹೋಗಿ ಉಚಿತ ಆಪರೇಷನ್ ಶಿಬಿರ ನಡೆಸುವ ಡಾಕ್ಟರು, ಆ ವರ್ಷವಷ್ಟೇ ಪ್ರಶಸ್ತಿ ಪಡೆದವರು, ಮಾತಿನಲ್ಲೂ ಗಟ್ಟಿಗರು. "ಒಳ್ಳೇ ಹೆಸರು ಹೇಳಿದ್ರಿ ಅಮ್ಮ, ನಮಗೇ ಹೊಳೆದಿರಲಿಲ್ಲ," ಎಂದರು. ಹೊಳೆಯುವುದಾದರೂ ಹೇಗೆ? ದೇವೀರಪ್ಪನವರು ಪ್ರಾಣ ಬಿಟ್ಟದ್ದು ಇದೇ ಇಂದುಧರರ ನರ್ಸಿಂಗ್ ಹೋಮಿನಲ್ಲಿ ಎಂಬುದು ಊರಲ್ಲಿ ಯಾರ ನೆನಪಿನಲ್ಲೂ ಉಳಿದಿರಲಿಲ್ಲ.

ಸುಮಿತ್ರಮ್ಮನಿಗೆ ಮಾತ್ರ ಅದು ನಿನ್ನೆ ಮೊನ್ನೆಯಷ್ಟು ಹಸಿ. ಹೊಟ್ಟೆ ಹಿಡಿದುಕೊಂಡು ಒದ್ದಾಡುತ್ತಿದ್ದ ಗಂಡನನ್ನು ಮಧ್ಯಾಹ್ನವೇ ಕರೆದೊಯ್ದಿದ್ದರು. ಕರುಳು ತೂತಾಗಿದೆ, ಆಪರೇಷನ್ ಆಗಬೇಕು, ಸಾಹೇಬರೇ ಮಾಡಬೇಕು ಎಂದರು ಚಿಕ್ಕ ಡಾಕ್ಟರು. ಸಾಹೇಬರು ಬೇಲೂರಿಗೆ ಭಾಷಣಕ್ಕೆ ಹೋಗಿದ್ದರು. ಫೋನು ಹೋಯಿತು, ಆರು ಗಂಟೆಗೆಲ್ಲ ಬರುತ್ತೇನೆ, ಡ್ರಿಪ್ ಹಾಕಿರಿ ಎಂಬ ಉತ್ತರ ಬಂತು. ಆರಾಯಿತು, ಏಳಾಯಿತು, ಎಂಟೂ ಆಯಿತು. ಆಕೆ ಕಾರಿಡಾರಿನ ಬೆಂಚಿನ ಮೇಲೆ ಒಬ್ಬರೇ ಕೂತಿದ್ದರು. ಸಾಹೇಬರು ಬಂದಾಗ ಹಣೆಯಲ್ಲಿ ಕುಂಕುಮ, ಹೆಗಲ ಮೇಲೆ ಸನ್ಮಾನದ ಶಾಲು ಹಾಗೇ ಇತ್ತು. ಆಪರೇಷನ್ ಮುಗಿಯುವ ಹೊತ್ತಿಗೆ ದೇವೀರಪ್ಪನವರು ಇರಲಿಲ್ಲ. ವಿಷಯ ತಿಳಿಸಿದವಳು ನರ್ಸು. ಸಾಹೇಬರು ಹಿಂದಿನ ಬಾಗಿಲಿನಿಂದ ಮನೆಗೆ ಹೋಗಿಯಾಗಿತ್ತು.

ಆಕೆ ಇದನ್ನು ಮಗ ಶಶಿಗೂ ಹೇಳಿರಲಿಲ್ಲ. ಈಗ ಅಪ್ಪನ ಮಂಡಿ ನೋಡಿಕೊಂಡು ಕೊಬ್ಬರಿ ವ್ಯಾನ್ ಓಡಿಸುವ ಅವನು ಆಗ ತುಮಕೂರಿನಲ್ಲಿ ಓದುತ್ತಿದ್ದ. ಬಂದಾಗ ಎಲ್ಲ ಮುಗಿದಿತ್ತು. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡ ಹುಡುಗ, ಹೇಳಿದ್ದರೆ ಅವತ್ತೇ ನರ್ಸಿಂಗ್ ಹೋಮಿನ ಗಾಜು ಪುಡಿಯಾಗುತ್ತಿತ್ತು. ಹೀಗಾಗಿ ನಾಲ್ಕು ವರ್ಷ ಒಬ್ಬರೇ ನುಂಗಿಕೊಂಡರು. ಆಕೆಗೆ ಬೇಕಾಗಿದ್ದದ್ದು ಒಂದೇ ಒಂದು ಉತ್ತರ: ಆರು ಗಂಟೆಗೆ ಬಂದಿದ್ದರೆ ನನ್ನ ಗಂಡ ಉಳಿಯುತ್ತಿದ್ದರಾ? ಅದನ್ನು ಆತನ ರೂಮಿನಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಏನೋ ಹೇಳಿ ಸಾಗಹಾಕುತ್ತಾರೆ. ಊರೆಲ್ಲ ಕೂತಿರುವಾಗ, ಗಂಡನ ಫೋಟೋದ ಮುಂದೆ, ಮೈಕಿನಲ್ಲಿ ಕೇಳಬೇಕು. ದತ್ತಿ ಮನೆಯವರ ಎರಡು ಮಾತಿಗೆ ಅಡ್ಡ ಬರುವವರು ಯಾರೂ ಇಲ್ಲ.

ಸಂಘದವರಿಗೆ ಇನ್ನೊಂದು ಚಟವಿತ್ತು. ಅತಿಥಿ ಯಾರೇ ಬರಲಿ, ಬೇಲೂರು ಹಳೇಬೀಡು ತೋರಿಸದೆ ವೇದಿಕೆ ಹತ್ತಿಸುತ್ತಿರಲಿಲ್ಲ. ಹಾಸನದಲ್ಲೇ ತಲೆ ನರೆದ ಇಂದುಧರರು ಆ ಗುಡಿಗಳನ್ನು ಎಷ್ಟು ಸಲ ನೋಡಿದ್ದರೋ, ಆದರೂ ಕುಮಾರಸ್ವಾಮಿಗಳು ಬಾಡಿಗೆ ಅಂಬಾಸಿಡರ್ ತೆಗೆದುಕೊಂಡು ಹೋಗಿ ಅವರನ್ನು ಸುತ್ತಿಸಿಯೇ ಕರೆತಂದರು. ದತ್ತಿ ಮನೆಯವರೂ ಜೊತೆಗಿರಬೇಕೆಂದು ಸುಮಿತ್ರಮ್ಮನನ್ನೂ ಹತ್ತಿಸಿಕೊಂಡಿದ್ದರು.

ಬಸ್ತಿಹಳ್ಳಿಯ ಬಸದಿಯಲ್ಲಿ ಕುಮಾರಸ್ವಾಮಿಗಳು ಕಾವಲಿನವನನ್ನು ಹುಡುಕಿಕೊಂಡು ಹೋದಾಗ ಅವರಿಬ್ಬರೇ ಉಳಿದರು. ಡಾಕ್ಟರು ನುಣುಪಾದ ಕಂಬದ ಮೇಲೆ ಕೈಯಾಡಿಸುತ್ತಾ ನಿಂತಿದ್ದರು. ಅರವತ್ತು ದಾಟಿದ, ಮೆತ್ತಗೆ ಮಾತಾಡುವ ಮನುಷ್ಯ. ಆಕೆಯ ಮುಖ ಅವರಿಗೆ ಗುರುತಿರಲಿಲ್ಲ.

"ನಿಮ್ಮ ಯಜಮಾನ್ರಿಗೆ ಏನಾಗಿತ್ತಮ್ಮ?" ಎಂದು ಕೇಳಿದರು.

ಸುಮಿತ್ರಮ್ಮ ಕಂಬದ ಕಡೆಗೇ ನೋಡಿದರು. "ಹೊಟ್ಟೆನೋವು," ಎಂದರು.

"ತಡವಾಗಿ ತೋರಿಸಿದ್ರೇನೋ. ನಮ್ಮ ಕಡೆ ಜನ ಅಲ್ಲೇ ಎಡವೋದು."

"ಹೌದು. ತಡ ಆಯ್ತು."

ಅದಕ್ಕಿಂತ ಹೆಚ್ಚು ಮಾತಾಡಿದರೆ ಎಲ್ಲವೂ ಅಲ್ಲೇ ಹೊರಬೀಳುತ್ತಿತ್ತು. ಸೆರಗಿನ ತುದಿಯನ್ನು ಬಿಗಿಯಾಗಿ ಹಿಡಿದುಕೊಂಡು ಕಾರಿನ ಕಡೆ ನಡೆದರು. ಜಾವಗಲ್ ದಾರಿಯುದ್ದಕ್ಕೂ ಕುಮಾರಸ್ವಾಮಿಗಳು ಹೊಯ್ಸಳರ ವಂಶಾವಳಿ ಒಪ್ಪಿಸುತ್ತಿದ್ದರು. ಆಕೆಯ ಕಿವಿಗೆ ಒಂದೂ ಬೀಳಲಿಲ್ಲ. ತಡವಾಗಿ ತೋರಿಸಿದ್ರೇನೋ ಎಂಬ ಮಾತಿಗೆ ಮೈಯೆಲ್ಲ ಉರಿಯುತ್ತಿತ್ತು.

ಮಂಟಪ ತುಂಬಿತ್ತು. ವೇದಿಕೆಯ ಎಡಕ್ಕೆ ಹಾರ ಹಾಕಿದ ದೇವೀರಪ್ಪನವರ ಫೋಟೋ, ನಡುವೆ ಮಠದ ಸ್ವಾಮೀಜಿಗಳಿಗೆಂದು ಖಾಲಿ ಬಿಟ್ಟ ಎತ್ತರದ ಪೀಠ. ಡಾಕ್ಟರು ಫೋಟೋಕ್ಕೆ ಹೂವು ಹಾಕಿ ಕೈಮುಗಿದರು. ಮುಖದಲ್ಲಿ ಏನೂ ಬದಲಾಗಲಿಲ್ಲ. ಪಕ್ಕದ ಕುರ್ಚಿಯಲ್ಲಿ ಕೂತ ಸುಮಿತ್ರಮ್ಮ ಅದನ್ನು ಕಣ್ಣು ಮಿಟುಕಿಸದೆ ನೋಡಿದರು. ಮುಂದಿನ ಸಾಲಿನಲ್ಲಿದ್ದ ಶಶಿ ಅಮ್ಮನಿಗೆ ಭಾಷಣದ ಭಯವಿರಬೇಕೆಂದು ತಿಳಿದು, ಹೆದರಬೇಡ ಎಂಬಂತೆ ತಲೆಯಾಡಿಸಿದ.

ಪ್ರಾರ್ಥನೆ ಮುಗಿದು ಸ್ವಾಗತ ನಡೆಯುತ್ತಿತ್ತು. ಆಗ ಮಠದ ಕಚೇರಿಯ ಚನ್ನಪ್ಪ ಬಗ್ಗಿಕೊಂಡು ವೇದಿಕೆ ಹತ್ತಿ ಡಾಕ್ಟರ ಕಿವಿಯ ಹತ್ತಿರ ಬಂದ. ಮೆಲ್ಲಗೆ ಹೇಳಿದೆನೆಂದು ಅವನು ಅಂದುಕೊಂಡಿದ್ದ, ಪಕ್ಕದವರಿಗೆಲ್ಲ ಕೇಳಿಸಿತು.

"ಆಸ್ಪತ್ರೆಯಿಂದ ಫೋನ್ ಬಂದೈತೆ ಸಾರ್. ಹಗರೆ ಕಡೆಯ ಹುಡುಗಿಯಂತೆ, ಹೊಟ್ಟೆನೋವಂತೆ. ಕರುಳೇ ಒಡೆದೈತೆ ಅಂತಾವ್ರೆ. ನೀವೇ ಬರಬೇಕಂತೆ."

ಡಾಕ್ಟರು ಗಡಿಯಾರ ನೋಡಿಕೊಂಡರು, ಆರು ದಾಟಿತ್ತು. ಎದುರಿಗಿದ್ದ ಜನರನ್ನು ನೋಡಿದರು. ಕುಮಾರಸ್ವಾಮಿಗಳು ಗಾಬರಿಯಿಂದ ಬಗ್ಗಿದರು. "ಸ್ವಾಮೀಜಿಗಳು ಕಣಕಟ್ಟೆ ಬಿಟ್ಟಿದ್ದಾರಂತೆ ಸಾರ್, ಇನ್ನೇನು ಬಂದೇಬಿಟ್ರು. ಅವರ ಸಮ್ಮುಖದಲ್ಲಿ ಸನ್ಮಾನ ಮುಗಿಸಿಬಿಡೋಣ. ನೀವು ಒಂದು ಹತ್ತು ನಿಮಿಷ ಮಾತಾಡಿದ್ರೂ ಸಾಕು. ಇಷ್ಟು ಜನ ಕಾದಿದ್ದಾರೆ."

ಡಾಕ್ಟರು ಚನ್ನಪ್ಪನ ಕಡೆ ತಿರುಗಿ, "ಡ್ರಿಪ್ ಹಾಕಿರಿ ಅಂತ ಹೇಳಪ್ಪ. ಏಳು ಗಂಟೆಗೆ ಹೊರಡ್ತೀನಿ," ಎಂದರು.

ಚನ್ನಪ್ಪ ಇಳಿದು ಹೋದ. ಸುಮಿತ್ರಮ್ಮ ಡಾಕ್ಟರನ್ನೇ ನೋಡಿದರು. ಮನುಷ್ಯ ಒಂದಿಷ್ಟೂ ಬದಲಾಗಿಲ್ಲ, ಮಾತೂ ಅದೇ. ಕೈಗೆ ಸಿಕ್ಕಿದ್ದಾನೆ, ಇನ್ನು ಹೋಗುವಂತೆಯೂ ಇಲ್ಲ. ತನ್ನ ಹೆಸರು ಕರೆದರೆ ಸಾಕು, ಉಸಿರು ಕಟ್ಟುವ ಹಾಗೆ ನಿಲ್ಲಿಸಿ ಕೇಳಬಹುದು. ಎಷ್ಟು ಹೊತ್ತು ಬೇಕಾದರೂ ಕೇಳಬಹುದು. ಹಾಗೆಂದುಕೊಂಡ ಮರುಗಳಿಗೆಯೇ ಆಕೆಗೆ ಹಾಸನದ ಆ ಕಾರಿಡಾರು ಕಣ್ಣಿಗೆ ಬಂತು. ಅಲ್ಲಿ ಈಗ ಯಾರೋ ಕೂತಿದ್ದಾರೆ. ನಾನು ಇಲ್ಲಿ ಈತನನ್ನು ಹಿಡಿದಿಟ್ಟುಕೊಂಡರೆ, ಅವತ್ತು ಹಿಡಿದಿಟ್ಟುಕೊಂಡ ಬೇಲೂರಿನವರಿಗೂ ನನಗೂ ಏನು ವ್ಯತ್ಯಾಸ? ಈ ಯೋಚನೆ ಬಂದದ್ದಕ್ಕೆ ಆಕೆಗೆ ತನ್ನ ಮೇಲೆಯೇ ಸಿಟ್ಟು ಬಂತು. ಇಷ್ಟು ವರ್ಷ ಕಾದದ್ದು ಇದಕ್ಕೇನಾ?

"ಈಗ ದತ್ತಿ ದಾನಿಗಳಾದ ಶ್ರೀಮತಿ ಸುಮಿತ್ರಮ್ಮನವರಿಂದ ಎರಡು ಮಾತು," ಎಂದರು ಕುಮಾರಸ್ವಾಮಿಗಳು.

ಆಕೆ ಎದ್ದು ಮೈಕಿನ ಮುಂದೆ ನಿಂತರು.

"ಇಂದುಧರ ಅವರೇ, ನೀವು ಈಗಲೇ ಏಳಿ. ಹಗರೆಯ ಹುಡುಗಿ ಕಾಯ್ತಾ ಇದ್ದಾಳೆ."

ಸಭೆಯಲ್ಲಿ ಗುಸುಗುಸು ಎದ್ದಿತು. ಡಾಕ್ಟರು ಮುಗುಳ್ನಕ್ಕರು. "ಇರಲಿ ಅಮ್ಮ, ಅಲ್ಲಿ ನಮ್ಮ ಹುಡುಗರಿದ್ದಾರೆ, ನೋಡ್ಕೋತಾರೆ."

"ಅವತ್ತೂ ಇದ್ರು. ನಾಲ್ಕು ವರ್ಷದ ಹಿಂದೆ ನನ್ನ ಯಜಮಾನ್ರನ್ನ ನಿಮ್ಮ ನರ್ಸಿಂಗ್ ಹೋಮಿಗೆ ಮಧ್ಯಾಹ್ನವೇ ತಂದಿದ್ದೆ. ನಾವು ತಡ ಮಾಡಿರಲಿಲ್ಲ. ನೀವು ಬೇಲೂರಲ್ಲಿ ಭಾಷಣಕ್ಕೆ ಕೂತಿದ್ರಿ. ಡ್ರಿಪ್ ಹಾಕಿರಿ, ಬರ್ತೀನಿ ಅಂದ್ರಿ. ಶಾಲು ಹೊದ್ದುಕೊಂಡು ಬಂದ್ರಿ. ಅಲ್ಲಿರೋದು ಅವರದೇ ಫೋಟೋ." ಆಕೆ ಉಸಿರೆಳೆದುಕೊಂಡರು. "ಆರು ಗಂಟೆಗೆ ಬಂದಿದ್ರೆ ಅವರು ಉಳೀತಿದ್ರಾ ಅಂತ ಕೇಳೋದಕ್ಕೇ ನಿಮ್ಮನ್ನ ಕರೆಸಿದ್ದು. ಈಗ ಉತ್ತರ ಬೇಡ. ಹೋಗಿ."

ಡಾಕ್ಟರು ಎದ್ದು ನಿಂತು ಫೋಟೋದ ಕಡೆ ತಿರುಗಿದರು. ಈ ಸಲ ಅದರ ಕೆಳಗೆ ಬರೆದ ಹೆಸರನ್ನು ಓದಿದರು. ಮುಖದ ಬಣ್ಣ ಇಳಿಯಿತು. ವೇದಿಕೆ ಇಳಿದರು.

ಅಂಬಾಸಿಡರ್ ಡ್ರೈವರ್ ಕಾಫಿ ಕುಡಿಯಲು ಹೋಗಿದ್ದ. ಶಶಿ ಎದ್ದು ನಿಂತಿದ್ದ, ಮುಷ್ಟಿ ಬಿಗಿದಿತ್ತು, ಕಣ್ಣು ಕೆಂಪಾಗಿತ್ತು. ಸುಮಿತ್ರಮ್ಮ ಮೈಕನ್ನೂ ಮರೆತು ಕೂಗಿದರು. "ಶಶಿ, ನಿನ್ನ ವ್ಯಾನ್ ತೆಗಿ. ಸಾಹೇಬರನ್ನ ಹಾಸನಕ್ಕೆ ಬಿಡು."

"ನಾನಾ?"

"ನೀನೇ ಕಣೋ. ಜೋಪಾನವಾಗಿ, ಬೇಗ ಹೋಗು."

ಅವನು ಅಮ್ಮನನ್ನು ನೋಡಿದ, ಡಾಕ್ಟರನ್ನು ನೋಡಿದ. ಜನ ಇಬ್ಭಾಗವಾಗಿ ದಾರಿ ಬಿಟ್ಟರು. ಕೊನೆಗೆ ಶಶಿ ಜೇಬಿನಿಂದ ಬೀಗದ ಕೈ ತೆಗೆದು ಮುಂದೆ ನಡೆದ, ಡಾಕ್ಟರು ಅವನ ಹಿಂದೆ ಹೋದರು.

ಸ್ವಾಮೀಜಿಗಳು ಬಂದಾಗ ಅತಿಥಿಯ ಕುರ್ಚಿ ಖಾಲಿಯಿತ್ತು. ಅವರು ವಿಷಯ ಕೇಳಿ ಸಭೆ ಮುಗಿಸಲು ಹೇಳಿದರು. ನಡೆಯದ ಉಪನ್ಯಾಸಕ್ಕೆ ಕುಮಾರಸ್ವಾಮಿಗಳು ವಂದನೆ ಅರ್ಪಿಸಿದರು, ಪಾಪ, ಇನ್ನೇನು ಮಾಡಿಯಾರು. ಆಮೇಲೆ ಮೆಟ್ಟಿಲ ಹತ್ತಿರ ಸುಮಿತ್ರಮ್ಮನನ್ನು ತಡೆದು ನಿಲ್ಲಿಸಿದರು.

"ಕರೆಸಿ ಅವಮಾನ ಮಾಡಿದ್ರಲ್ಲಮ್ಮ. ಇನ್ನು ನಮ್ಮ ಊರಿಗೆ ಯಾವ ದೊಡ್ಡ ಮನುಷ್ಯ ಬರ್ತಾನೆ?"

ಅವರು ಹೇಳಿದ್ದು ಸುಳ್ಳೇನಲ್ಲ ಎಂದು ಆಕೆಗೂ ಅನ್ನಿಸಿತು. ಮನೆಗೆ ಬಂದು ಶಶಿಯ ದಾರಿ ಕಾಯುತ್ತಾ ಕೂತರು. ಸಿಟ್ಟಿನ ಹುಡುಗನ ಜೊತೆ ಆ ಮನುಷ್ಯನನ್ನು ಕಳಿಸಿದೆನಲ್ಲ, ದಾರಿಯಲ್ಲಿ ಏನಾದರೂ ಆದರೆ ಎಂಬ ಭಯಕ್ಕೆ ಬಡಿಸಿಕೊಂಡ ಅನ್ನವನ್ನು ಮುಚ್ಚಿಟ್ಟರು.

ಶಶಿ ಬಂದದ್ದು ಬೆಳಗಾದ ಮೇಲೆ. ಚಪ್ಪಲಿ ಬಿಟ್ಟು ಜಗಲಿಯ ಮೇಲೆ ಕುಸಿದ.

"ನನಗೆ ಯಾಕೆ ಹೇಳ್ಲಿಲ್ಲಮ್ಮ?" ಎಂದ.

"ಆಮೇಲೆ ಹೇಳ್ತೀನಿ. ಆ ಹುಡುಗಿ?"

"ಬೇಗ ಹೋದ್ವಿ. ಬಟ್ಟೆ ಬದಲಾಯಿಸಿದವರೇ ಒಳಗೆ ಹೋದ್ರು. ತಡ ಆಗಿರಲಿಲ್ಲ, ಟೈಮಿಗೆ ಸರಿಯಾಗಿ ಬಂದ್ರಿ ಅಂತ ಅಲ್ಲಿಯ ಡಾಕ್ಟ್ರೇ ಅಂದ್ರು." ಅವನು ಅಂಗೈ ನೋಡಿಕೊಂಡ. "ಉಳೀಲಿಲ್ಲ. ಮಂಜುಶ್ರೀ ಅಂತ ಹೆಸರು. ಕಾಲೇಜಿಗೆ ಹೋಗ್ತಿದ್ಳಂತೆ."

ಸುಮಿತ್ರಮ್ಮ ಕಂಬಕ್ಕೆ ಒರಗಿದರು. ಟೈಮಿಗೆ ಹೋದರೂ ಉಳಿಯಲಿಲ್ಲ. ಹಾಗಾದರೆ ತನ್ನ ಗಂಡ? ಉಳಿಯುತ್ತಿದ್ದರೋ ಇಲ್ಲವೋ, ಅದನ್ನು ಹೇಳಬಲ್ಲವರು ಭೂಮಿಯ ಮೇಲೆ ಯಾರೂ ಇಲ್ಲ ಎಂದು ಆಕೆಗೆ ಮೊದಲ ಸಲ ಅರ್ಥವಾಯಿತು. ನಾಲ್ಕು ವರ್ಷ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಿದ್ದ ಸಿಟ್ಟು ಸಡಿಲವಾಗಿ, ಅದರ ಜಾಗಕ್ಕೆ ಬರೀ ದುಃಖ ಬಂದು ಕೂತಿತು.

"ಆ ಮನುಷ್ಯ ಎಲ್ಲಿಗೆ ಹೋದ್ರು? ಹಿಂದಿನ ಬಾಗಿಲಿಂದ ಮನೆಗಾ?"

"ಇಲ್ಲಮ್ಮ. ತಾವೇ ಹೊರಗೆ ಬಂದು ಹುಡುಗಿಯ ತಾಯಿಗೆ ಹೇಳಿದ್ರು. ತಿಮ್ಮಕ್ಕ ಅಂತ ಆಯಮ್ಮ. ಜೊತೆಗೆ ಯಾರೂ ಇರಲಿಲ್ಲ. ಊರಿಂದ ಜನ ಬರೋವರೆಗೂ ಆಯಮ್ಮನ ಪಕ್ಕದಲ್ಲಿ ಬೆಂಚಿನ ಮೇಲೆ ಕೂತಿದ್ರು. ನಾನು ಹೊರಡುವಾಗ, ನಿಮ್ಮ ತಾಯಿ ಕೇಳಿದ್ದಕ್ಕೆ ಉತ್ತರ ನನಗೂ ಗೊತ್ತಿಲ್ಲ ಅಂತ ಹೇಳಪ್ಪ, ಆದ್ರೆ ಅವತ್ತು ನಾನು ಅಲ್ಲಿರಬೇಕಾಗಿತ್ತು, ಅಂದ್ರು."

ಸುಮಿತ್ರಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಗಂಡ ಸತ್ತ ದಿನವೂ ಮಗನೆದುರು ಹೀಗೆ ಅತ್ತಿರಲಿಲ್ಲ. ಬಹಳ ಹೊತ್ತಾದ ಮೇಲೆ ಆಕೆ ಮುಖ ತೊಳೆದುಕೊಂಡು ಬೇರೆ ಸೀರೆ ಉಟ್ಟು ಹೊರಬಂದರು.

"ಒಂದು ಲೋಟ ಕಾಫಿ ಕುಡಿ," ಎಂದರು. "ಆಮೇಲೆ ವ್ಯಾನ್ ತೆಗಿ. ಹಗರೆಗೆ ಹೋಗೋಣ. ತಿಮ್ಮಕ್ಕನ ಹತ್ತಿರ ಸ್ವಲ್ಪ ಹೊತ್ತು ಕೂತಿದ್ದು ಬರೋಣ."